ಚೌಪಾಟಿಯವರೆಗಿನ ಓಟ

ಭಾನುವಾರ ಬೆಳಗಿನ ಜಾವ ನಾರಿಮನ್ ಪಾಯಿಂಟಿನಿಂದ ಗಿರಗಾಂವ ಚೌಪಾಟಿಯವರೆಗೆ ಓಡಿ ಹಿಂದಿರುಗುವುದು ನಮ್ಮ ಬಹುಕಾಲದ ರೂಢಿ. ಕಡಲಂಚಿನ ಈ ಹಾದಿ ಹೋಗುವಾಗ ಸುಮಾರು 3.5 ಕಿಲೋಮೀಟರು, ಬರುವಾಗಲೂ ಅಷ್ಟೇ, ಏರಿಳಿತವಿಲ್ಲ. ಆದರೂ ಈಚೆಗೆ ಮೊಣಕಾಲು ತಕರಾರು ತೆಗೆದಿದೆ. ಬಿಟ್ಟುಬಿಡೋಣವೆಂದರೆ, ವಾರದಲ್ಲಿ ಆರು ದಿನ ಕಛೇರಿಯ ಕುರ್ಚಿಗೆ ಅಂಟಿದ ದೇಹಕ್ಕೆ ಬೇರೆ ಗತಿಯೇನು? 2004ರಲ್ಲಿ ಮುಂಬಯಿ ಮ್ಯಾರಥಾನ್ ಆರಂಭವಾದಂದಿನಿಂದ 42.195 ಕಿಲೋಮೀಟರಿನ ಕನಸು ಕಾಣುವವರು ಬಹಳ. ನಮಗೆ ಚೌಪಾಟಿಯೇ ಸಾಕು. ಕೈಗಡಿಯಾರ ಬಿಚ್ಚಿಟ್ಟು ನಿಧಾನವಾಗಿ ಓಡುತ್ತಿದ್ದೇವೆ. ನೋವೂ ತುಸು ಇಳಿದಿದೆ.

ಮೊನ್ನೆ ಓಟ ಮುಗಿಸಿ, ಬೆವರುತ್ತಲೇ ಫೋರ್ಟಿನ ಉಡುಪಿ ಹೋಟೆಲೊಂದನ್ನು ಹೊಕ್ಕಾಗ, ಕಾಫಿ ತಂದವರು, “ಯಾರು ಅಟ್ಟಿಸಿಕೊಂಡು ಬಂದದ್ದು ಮಾರಾಯ್ರೇ?” ಎಂದು ನಕ್ಕರು. ದಿನವಿಡೀ ಮೇಜುಗಳ ನಡುವೆ ಓಡಾಡುವ ಆ ಕಾಲುಗಳಿಗೆ ಭಾನುವಾರವೂ ಬಿಡುವಿಲ್ಲ. ನಾವು ಮೊಣಕಾಲಿನ ಮಾತೆತ್ತದೆ ಕಾಫಿ ಕುಡಿದೆವು.