ಸೆಲರಿ ಬೀಜದಿಂದ ಮಿದುಳಿಗೆ ಕಾವಲು

ಪ್ರಶ್ನೆ: ಲಕ್ವ ಹೊಡೆದಾಗ ಮಿದುಳನ್ನು ಕಾಪಾಡುವ ಔಷಧ ಚೀನಾದ ಗಿಡಮೂಲಿಕೆಯಿಂದ ಬಂದಿದೆಯಂತೆ, ನಿಜವೇ?

ಉತ್ತರ: ನಿಜ. ಅದರ ಹೆಸರು ಬ್ಯೂಟೈಲ್‌ಥಾಲೈಡ್. ಸೆಲರಿ ದಂಟನ್ನು ಮುರಿದಾಗ ಮೂಗಿಗೆ ಬಡಿಯುವ ಆ ಗಾಢ ವಾಸನೆ ಇದೆಯಲ್ಲ, ಅದಕ್ಕೆ ಈ ಅಣುವೂ ಒಂದು ಕಾರಣ. ಸೆಲರಿ ನಮ್ಮ ಕೊತ್ತಂಬರಿ, ಓಂಕಾಳುಗಳ ಬಳಗದ್ದೇ ಗಿಡ. ಚೀನೀ ವಿಜ್ಞಾನಿಗಳು ಸೆಲರಿ ಬೀಜದಲ್ಲಿ ಸಿಕ್ಕ ಈ ಅಣುವನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. 2002ರಲ್ಲಿ ಚೀನಾದಲ್ಲಿ ಇದನ್ನು ಲಕ್ವಕ್ಕೆ ಬಳಸಲು ಅನುಮತಿಯೂ ಸಿಕ್ಕಿತು.

ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ರಕ್ತ ಸಿಗದ ಭಾಗದ ನಡುವಿನ ಜೀವಕೋಶಗಳು ಬೇಗ ಸಾಯುತ್ತವೆ. ಸುತ್ತಲಿನವು ಮಾತ್ರ ಅರೆಜೀವವಾಗಿ ಕೆಲವು ಗಂಟೆ ಕಾಯುತ್ತವೆ. ಔಷಧದ ಗುರಿ ಇವೇ. ಸಣ್ಣ ನಾಳಗಳಲ್ಲಿ ರಕ್ತದ ಹರಿವು ಹೆಚ್ಚಿಸುವುದು, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾವನ್ನು ಕಾಪಾಡುವುದು, ಹೀಗೆ ಹಲವು ದಾರಿಯಲ್ಲಿ ಕೆಲಸ ಮಾಡುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಮನುಷ್ಯರಲ್ಲಿ? 2023ರಲ್ಲಿ ಪ್ರಕಟವಾದ ಚೀನಾದ ಪ್ರಯೋಗದಲ್ಲಿ 1,216 ರೋಗಿಗಳಿದ್ದರು. ಎಲ್ಲರಿಗೂ ನಾಳ ಕಟ್ಟಿದ ರಕ್ತದ ಗರಣೆ ಕರಗಿಸುವ ಅಥವಾ ತೆಗೆಯುವ ಚಿಕಿತ್ಸೆ ನಡೆದಿತ್ತು. ಅದರ ಜೊತೆಗೆ ಈ ಔಷಧ ಪಡೆದವರಲ್ಲಿ 90 ದಿನಗಳ ನಂತರ ಶೇ. 56.7 ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಹುಸಿಮದ್ದು ಪಡೆದವರಲ್ಲಿ ಶೇ. 44. ನನ್ನ ಮಟ್ಟಿಗೆ ಇದು ಆಶಾದಾಯಕ ಅಂತರ. ಆದರೆ ಬೇರೆ ದೇಶಗಳ ರೋಗಿಗಳಲ್ಲೂ ಇದು ಸಾಬೀತಾಗಬೇಕು.

ಒಂದು ಮಾತು: ಸೆಲರಿ ತಿಂದರೆ ಈ ಫಲ ಸಿಗದು. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ. ಗರಣೆ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಗಡುವು.