ಬೇಕೆಂದೇ ಮಾಡಿದ್ದೆಲ್ಲ ಸಂಚಲ್ಲ

ದಕ್ಷಿಣ ಕೋಲ್ಕತ್ತದ ಲೇಕ್ ಮಾರ್ಕೆಟ್ ಎಂದರೆ ಮಲ್ಲಿಗೆ ದಂಡೆ, ಬಾಳೆ ಎಲೆ, ನುಗ್ಗೆಕಾಯಿ, ಫಿಲ್ಟರ್ ಕಾಫಿಪುಡಿ. ಆ ಊರಿಗೆ ಹೋಗಿ ನೆಲೆಸಿದ ದಕ್ಷಿಣದವರ ಪೇಟೆ ಅದು. ಅಲ್ಲಿನ ಇಕ್ಕಟ್ಟಿನಲ್ಲಿ ತಳ್ಳುಗಾಡಿಯೊಂದರ ಚಕ್ರ ಹೂವಿನ ಬುಟ್ಟಿಗೆ ಬಡಿದು ಮಲ್ಲಿಗೆಯೆಲ್ಲ ಕೆಸರಿಗೆ ಬಿತ್ತೆನ್ನಿ. ಹೂವಾಡಗಿತ್ತಿ ‘ಇಚ್ಛೆ ಕೋರೆ’ ಎಂದು ಕೂಗುತ್ತಾಳೆ. ನಾವಾದರೆ ‘ಬೇಕೂಂತಲೇ ಮಾಡಿದ’ ಅನ್ನುತ್ತೇವೆ. ಅದನ್ನೇ ಇಂಗ್ಲಿಷಿನಲ್ಲಿ ದೂರು ಬರೆದುಕೊಡಲು ಕೂತಾಗ ಇಂಟೆನ್ಷನಲ್, ಡೆಲಿಬರೇಟ್, ಪ್ಲ್ಯಾನ್ಡ್, ಪ್ರೀಮೆಡಿಟೇಟೆಡ್, ವಿಲ್‌ಫುಲ್ ಎಲ್ಲವೂ ಒಂದೇ ಎಂದುಕೊಂಡು, ಯಾವುದು ಜೋರಾಗಿ ಕೇಳುತ್ತದೋ ಅದನ್ನು ಬರೆದುಬಿಡುತ್ತೇವೆ. ಅವು ಒಂದೇ ಅಲ್ಲ. ಒಂದೊಂದೂ ಗಾಡಿಯವನ ಮೇಲೆ ಒಂದೊಂದು ಬೇರೆ ಆರೋಪ ಹೊರಿಸುತ್ತದೆ.

ತಪ್ಪು ಕಲ್ಪನೆ: ಇಂಟೆನ್ಷನಲ್ ಅಂದರೆ ಪ್ಲ್ಯಾನ್ಡ್.

ಸತ್ಯ: ಗಾಡಿಯವನು ಆ ಕ್ಷಣದ ಸಿಟ್ಟಿಗೆ ಚಕ್ರ ತಿರುಗಿಸಿದ್ದರೆ ಅದು ಇಂಟೆನ್ಷನಲ್. ಅಲ್ಲಿ ಯೋಜನೆಯೇನೂ ಇಲ್ಲ. ಪ್ಲ್ಯಾನ್ಡ್ ಅನ್ನಬೇಕಾದರೆ ಮೊದಲೇ ಹಾಕಿದ ಒಂದು ಲೆಕ್ಕ ಇರಬೇಕು. ಈ ಪೇಟೆಗೆ ಹೆಸರು ಕೊಟ್ಟ ಕೆರೆಯೇ ಅದಕ್ಕೆ ಒಳ್ಳೆಯ ಉದಾಹರಣೆ. 1920ರ ದಶಕದಲ್ಲಿ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟ್ ಜೌಗು ನೆಲವನ್ನು ವಶಕ್ಕೆ ತೆಗೆದುಕೊಂಡು, ಬಡಾವಣೆಗಾಗಿ ಸುತ್ತಲ ತಗ್ಗನ್ನು ಎತ್ತರಿಸಿ, ಕೆರೆ ತೋಡಿಸಿತು. 1958ರಲ್ಲಿ ಅದಕ್ಕೆ ರವೀಂದ್ರ ಸರೋವರ ಎಂದು ಹೆಸರಾಯಿತು. ಕೆರೆ ಪ್ಲ್ಯಾನ್ಡ್. ಆದರೆ ಅದರ ಆಸುಪಾಸಿನಲ್ಲಿ ದಕ್ಷಿಣದವರ ಬೀಡು ಬೆಳೆಯಲಿ ಎಂದು ಯಾರೂ ನಕ್ಷೆ ಬರೆದಿರಲಿಲ್ಲ. ನೌಕರಿಗೆಂದು ಬಂದವರು ತಮ್ಮವರಿದ್ದ ಕಡೆ ಮನೆ ಹಿಡಿದರು. ಪ್ರತಿ ಮನೆಯ ನಿರ್ಧಾರವೂ ಇಂಟೆನ್ಷನಲ್, ಒಟ್ಟು ಬೀಡು ಮಾತ್ರ ಯಾರ ಯೋಜನೆಯೂ ಅಲ್ಲ. ಇನ್ನು ‘ಪ್ರೀ-ಪ್ಲ್ಯಾನ್ಡ್’ನಲ್ಲಿ ಆ ‘ಪ್ರೀ’ ದಂಡ. ಮುಗಿದ ಮೇಲೆ ಯಾರೂ ಯೋಜನೆ ಹಾಕುವುದಿಲ್ಲವಲ್ಲ!

ತಪ್ಪು ಕಲ್ಪನೆ: ಪ್ರೀಮೆಡಿಟೇಟೆಡ್ ಅಲ್ಲದಿದ್ದರೆ ಕೊಲೆಯಲ್ಲ.

ಸತ್ಯ: ಇದು ಅಮೆರಿಕದ ಸಿನಿಮಾಗಳಿಂದ ಬಂದ ನಂಬಿಕೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಮೊದಲ ದರ್ಜೆಯ ಕೊಲೆಗೆ ಪೂರ್ವಾಲೋಚನೆ ಸಾಬೀತಾಗಬೇಕು. ನಮ್ಮ ಕಾನೂನು ಹುಟ್ಟಿದ್ದೇ ಕೋಲ್ಕತ್ತದಲ್ಲಿ. ಮೆಕಾಲೆಯ ಆಯೋಗ 1837ರಲ್ಲಿ ಕರಡು ಒಪ್ಪಿಸಿತು. 1860ರಲ್ಲಿ ಅದು ಭಾರತೀಯ ದಂಡ ಸಂಹಿತೆಯಾಯಿತು. ಅದರ 300ನೇ ಕಲಮು ಕೊಲೆಯನ್ನು ಅಳೆದದ್ದು ಉದ್ದೇಶ ಮತ್ತು ಅರಿವಿನಿಂದ. ಪೂರ್ವಾಲೋಚನೆಯ ಮಾತು ಬರುವುದು ವಿನಾಯಿತಿಗಳಲ್ಲಿ. ಉದಾಹರಣೆಗೆ, ದಿಢೀರ್ ಜಗಳದಲ್ಲಿ, ಮುಂಚಿನ ಆಲೋಚನೆಯಿಲ್ಲದೆ, ಆವೇಶದಲ್ಲಿ, ಅನ್ಯಾಯದ ಲಾಭ ಪಡೆಯದೆ, ಕ್ರೌರ್ಯ ತೋರದೆ ನಡೆದಿದ್ದರೆ ಅಪರಾಧದ ದರ್ಜೆ ಇಳಿಯುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಇದೇ ಚೌಕಟ್ಟನ್ನು ಉಳಿಸಿಕೊಂಡಿದೆ.

ಅದೇ ಸಂಹಿತೆಯ ‘ವಾಲಂಟರಿಲಿ’ ಇನ್ನೂ ಬಿಗಿ. ದರೋಡೆಗೆ ಅನುಕೂಲವಾಗಲಿ ಎಂದು ಒಬ್ಬ ರಾತ್ರಿ ಹೊತ್ತು, ದೊಡ್ಡ ಊರಿನಲ್ಲಿ, ಜನರಿರುವ ಮನೆಗೆ ಬೆಂಕಿ ಹಚ್ಚುತ್ತಾನೆ. ಅದರಿಂದ ಒಬ್ಬರ ಸಾವಾಗುತ್ತದೆ. ಸಾಯಿಸುವ ಉದ್ದೇಶ ಅವನಿಗಿರಲಿಲ್ಲ, ಆಮೇಲೆ ಮರುಗಿದನೆಂದೇ ಇರಲಿ. ಆದರೂ ಸಾವು ಸಂಭವವೆಂದು ತಿಳಿದಿದ್ದರೆ ಅವನು ಆ ಸಾವನ್ನು ವಾಲಂಟರಿಯಾಗಿಯೇ ಉಂಟುಮಾಡಿದ ಎನ್ನುತ್ತದೆ ಸಂಹಿತೆಯೇ ಕೊಟ್ಟ ದೃಷ್ಟಾಂತ. ‘ಸ್ವಇಚ್ಛೆ’ ಎಂದಷ್ಟೇ ಓದಿಕೊಂಡವರಿಗೆ ಇದು ಹೊಳೆಯುವುದೇ ಇಲ್ಲ. ಕಾನೂನಿನ ಭಾಷೆಯ ನ್ಯಾಯ ಇಲ್ಲಿ ನನಗೆ ಒಪ್ಪಿಗೆ. ತಿಳಿದೂ ಕಡ್ಡಿ ಗೀರಿದವನು ‘ನಾನು ಅಂದುಕೊಂಡಿರಲಿಲ್ಲ’ ಎಂದು ಜಾರಿಕೊಳ್ಳಬಾರದು.

ತಪ್ಪು ಕಲ್ಪನೆ: ಸಾಲ ಕಟ್ಟದವರೆಲ್ಲ ವಿಲ್‌ಫುಲ್ ಡಿಫಾಲ್ಟರ್.

ಸತ್ಯ: ವಿಲ್‌ಫುಲ್ ಎಂಬುದರಲ್ಲಿ ಗೊತ್ತಿದ್ದೂ ಮೀರುವ ಹಟವಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಟ್ಟುವ ಶಕ್ತಿಯಿದ್ದೂ ಕಟ್ಟದವನು, ಸಾಲದ ಹಣವನ್ನು ಬೇರೆಡೆಗೆ ತಿರುಗಿಸಿದವನು ಆ ಪಟ್ಟಿಗೆ ಬರುತ್ತಾನೆ. ವ್ಯಾಪಾರ ಮುಳುಗಿ ಕೈಸೋತವನು ಬರುವುದಿಲ್ಲ.

ಡೆಲಿಬರೇಟ್‌ಗೆ ಇನ್ನೊಂದು ಮುಖವೂ ಇದೆ. ಲ್ಯಾಟಿನ್ನಿನಲ್ಲಿ ಅದರ ಬೇರು ತಕ್ಕಡಿಯ ಕಡೆಗೆ ಹೋಗುತ್ತದೆ. ಹಾಗಾಗಿ ಹಿರಿಯರೊಬ್ಬರು ಡೆಲಿಬರೇಟ್ ಹೆಜ್ಜೆ ಇಟ್ಟರೆಂದರೆ ಆರೋಪವಲ್ಲ, ನಿಧಾನವಾಗಿ ನೋಡಿಕೊಂಡು ಇಟ್ಟರು ಎಂದರ್ಥ. ಉಚ್ಚಾರವನ್ನೂ ಗಮನಿಸಿ: ವಿಶೇಷಣವಾದಾಗ ಕೊನೆ ಮೊಟಕು, ‘ಡೆಲಿಬರಟ್’. ಕ್ರಿಯಾಪದವಾದಾಗ ಮಾತ್ರ ‘ಡೆಲಿಬರೇಟ್’. ಕ್ಯಾಲ್ಕ್ಯುಲೇಟೆಡ್ ಅಂತೂ ರಿಸ್ಕ್ ಜೊತೆ ಬಂದರೆ ಹೊಗಳಿಕೆ, ಇನ್ಸಲ್ಟ್ ಜೊತೆ ಬಂದರೆ ತೆಗಳಿಕೆ. ಸ್ಟಡೀಡ್ ಸೈಲೆನ್ಸ್‌ಗೂ ಓದಿಗೂ ಸಂಬಂಧವಿಲ್ಲ, ಅದು ಬೇಕೆಂದೇ ಕಾಯ್ದುಕೊಂಡ ಮೌನ.

ಹೂವಾಡಗಿತ್ತಿಯ ಪರವಾಗಿ ನೀವೇ ದೂರು ಬರೆಯುವಿರಾದರೆ, ಗಾಡಿಯವನು ನೋಡಿಯೂ ತಿರುಗಿಸಿದ್ದನ್ನು ಕಂಡಿದ್ದರೆ ಇಂಟೆನ್ಷನಲ್ ಎಂದು ಬರೆಯಿರಿ. ಮುಂಚೆಯೇ ಹೊಂಚಿದ್ದಕ್ಕೆ ಸಾಕ್ಷಿ ಕೈಯಲ್ಲಿ ಇಲ್ಲದೆ ಪ್ರೀಮೆಡಿಟೇಟೆಡ್ ಎಂದು ದಯವಿಟ್ಟು ಬರೆಯಬೇಡಿ.