ಸೌಮ್ಯವಾದ ಮದ್ದು

ದುಗ್ಧಗ್ರಂಥಿಯೊಳಗಿನ ಕೋಶಗುಚ್ಛಗಳನ್ನು ಶಾಲಿನಂತೆ ಸುತ್ತಿಕೊಂಡಿರುವ ಅಂಚಿನಿಂದ ಹುಟ್ಟುವ ಕ್ಯಾನ್ಸರಿಗೆ ಮ್ಯಾಂಟಲ್ ಸೆಲ್ ಲಿಂಫೋಮ ಎಂದು ಹೆಸರು. ಇದು ಹೆಚ್ಚಾಗಿ ಅರುವತ್ತು ದಾಟಿದವರ ಬೇನೆ. ತರುಣರಿಗೆ ಕೊಡುವ ಉಗ್ರ ಚಿಕಿತ್ಸೆಯನ್ನು ಅವರ ದೇಹ ತಾಳಲಾರದು. ಹಾಗಾದರೆ ಸೌಮ್ಯವಾದ ಮದ್ದೆಂದರೆ ಕೈಚೆಲ್ಲಿದಂತೆಯೆ? ನಾನೂ ಹಾಗೆಯೇ ಭಾವಿಸಿದ್ದೆ.

ಪೂರ್ವ ಜರ್ಮನಿಯ ಯೇನಾ ನಗರದಲ್ಲಿ 1963ರಲ್ಲಿ ರೂಪುಗೊಂಡ ಬೆಂಡಮಸ್ಟಿನ್ ಎಂಬ ಔಷಧ ದಶಕಗಳ ಕಾಲ ಬರ್ಲಿನ್ ಗೋಡೆಯ ಆಚೆಯೇ ಉಳಿದಿತ್ತು. ಅದನ್ನು ರಿಟುಕ್ಸಿಮ್ಯಾಬ್‌ನೊಡನೆ ಕೂಡಿಸಿ ಜರ್ಮನ್ ವೈದ್ಯರು ನಡೆಸಿದ ಪರೀಕ್ಷೆಯ ಫಲ 2013ರಲ್ಲಿ ಪ್ರಕಟವಾಯಿತು. ಈ ರೋಗಿಗಳ ಪೈಕಿ ಅರ್ಧದಷ್ಟು ಮಂದಿಯಲ್ಲಿ ಕಾಯಿಲೆ 35 ತಿಂಗಳವರೆಗೆ ಮುಂದುವರಿಯಲಿಲ್ಲ. ಹೃದಯಕ್ಕೆ ಹೊರೆಯಾಗುವ ಡಾಕ್ಸೊರುಬಿಸಿನ್ ಸೇರಿದ್ದ ಹಳೆಯ ಕ್ರಮದಲ್ಲಿ ಆ ಅವಧಿ 22 ತಿಂಗಳಷ್ಟೆ. ತಲೆ ಬೋಳಾಗುವ ಸಂಕಟವೂ ತಪ್ಪಿತು. ಇದು ರೋಗವನ್ನು ಬುಡಸಹಿತ ಕೀಳುವುದಿಲ್ಲ, ಸೋಂಕಿನ ಭಯವೂ ಉಂಟು. ಆದರೂ ಆ ಹದಿಮೂರು ತಿಂಗಳು ಸಣ್ಣದಲ್ಲ.